ಸೊಂಟದ ಎಲುಬು ಜಾರಿದ ವರ್ಷ ಜೊತೆಗಿದ್ದವರಿಗೆ

ನಿನ್ನೆ ಸಂಜೆ ಮನೆಯಿಂದ ಮಾರ್ಕೆಟ್‌ಗೆ ನಡೆದೇ ಹೋಗಿ ಬಂದೆ. ಹೋಗೋಕೆ 20 ನಿಮಿಷ, ಬರೋಕೆ 20 ನಿಮಿಷ. ದಾರಿಯಲ್ಲಿ ಎಲ್ಲೂ ಕೂರಲಿಲ್ಲ. ಹೋದ ವರ್ಷ ಇದೇ ಹೊತ್ತಿಗೆ ನಮ್ಮ ಬೀದಿ ದಾಟುವಷ್ಟರಲ್ಲಿ ಎರಡೂ ಕಾಲು ಜೋಮು ಹಿಡಿಯುತ್ತಿತ್ತು. ಯಾರದ್ದಾದರೂ ಕಾಂಪೌಂಡ್ ಹಿಡಿದು ಬಗ್ಗಿ ನಿಂತರೆ ಸ್ವಲ್ಪ ಹಾಯೆನಿಸುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೆನೆಯಬೇಕಾದದ್ದು ನಮ್ಮ ಮೂಳೆ ಡಾಕ್ಟರನ್ನು. ಅವರಿಗಿಂತ ಮುಂಚೆ ಬೇರೆ ಕಡೆ ತೋರಿಸಿದ್ದೆ. ಅಲ್ಲಿ ಎಂಆರ್‌ಐ ನೋಡಿ, "ಅಂಥಾದ್ದೇನಿಲ್ಲ, ಕೊಡ ಹೊತ್ತು ಹೊತ್ತು ಸೊಂಟ ಹಾಳು ಮಾಡಿಕೊಂಡಿದ್ದೀರಿ" ಅಂದಿದ್ದರು. ಆ ಮಾತು ನೋವಿಗಿಂತ ಜಾಸ್ತಿ ಚುಚ್ಚಿತು. ಇವರು ನನ್ನನ್ನು ನಿಲ್ಲಿಸಿ, ಮುಂದಕ್ಕೆ ಬಗ್ಗಿಸಿ, ಹಿಂದಕ್ಕೆ ಬಾಗಿಸಿ ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆಯ ಸೊಂಟದ ಭಾಗದಲ್ಲಿ ನಾಲ್ಕನೇ ಎಲುಬು ಐದನೆಯದರ ಮೇಲೆ ಮುಂದಕ್ಕೆ ಜಾರಿತ್ತು. ಎಂಆರ್‌ಐಗೆ ಮಲಗಿದಾಗ ಅದು ಹಿಂದಕ್ಕೆ ಸರಿದು ಕೂತುಬಿಟ್ಟಿತ್ತು, ಅಷ್ಟೇ. ಜಾರಿದ್ದು ಎಲುಬಿನ ಅಗಲದ ಕಾಲು ಭಾಗಕ್ಕಿಂತ ಕಮ್ಮಿ, ಹಾಗಾಗಿ ಗ್ರೇಡ್ 1, ಅಂದರೆ ಜಾರಿಕೆಯ ಮೊದಲ ಹಂತ.

"ನಾನೇನು ತಪ್ಪು ಮಾಡಿದೆ ಡಾಕ್ಟ್ರೇ?" ಅಂತ ಕೇಳಿದೆ. ಅವರು ತಮ್ಮ ಎರಡೂ ಅಂಗೈ ನನ್ನ ಕಡೆ ಅಡ್ಡ ಹಿಡಿದು, ತಳ್ಳಿ ಅಂದರು. ತಳ್ಳಿದೆ, ತಡೆಯಿತು. ಆಮೇಲೆ ಅಂಗೈಗಳನ್ನು ಒಂದಕ್ಕೊಂದು ಎದುರುಬದುರು ತಿರುಗಿಸಿ, ಈಗ ತಳ್ಳಿ ಅಂದರು. ನನ್ನ ಕೈ ನಡುವಿನಿಂದ ಸಲೀಸಾಗಿ ಆಚೆ ಹೋಯಿತು. ಎಲುಬುಗಳ ಹಿಂದೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಕೀಲು ಇರುತ್ತದೆ, ಫ್ಯಾಸೆಟ್ ಕೀಲು ಅಂತಾರೆ. ಅದು ಅಡ್ಡಕ್ಕೆ ಇದ್ದರೆ ಮೇಲಿನ ಎಲುಬು ಮುಂದೆ ಹೋಗದಂತೆ ಹಿಡಿಯುತ್ತದೆ. ಹಿಂದೆ ಮುಂದಿನ ದಿಕ್ಕಿಗೆ ತಿರುಗಿದ್ದರೆ ಆ ಹಿಡಿತ ಕಮ್ಮಿ. ನಂದು ಹಾಗೇ ತಿರುಗಿದೆ, ಅದರಲ್ಲೂ ಎಡಗಡೆಯದು ಜಾಸ್ತಿ. ಐದನೇ ಎಲುಬನ್ನು ಸೊಂಟದ ಅಕ್ಕಪಕ್ಕದ ಅಗಲ ಮೂಳೆಗೆ ಗಟ್ಟಿ ನಾರುಗಳು ಬಿಗಿದಿರುತ್ತವೆ. ಅದಕ್ಕೇ ವಯಸ್ಸಾದ ಮೇಲೆ ಸವೆದು ಜಾರುವುದು ಹೆಚ್ಚಾಗಿ ಅದರ ಮೇಲಿನ ನಾಲ್ಕನೆಯದು. 50 ದಾಟಿದ ಹೆಂಗಸರಲ್ಲಿ ಇದು ಗಂಡಸರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಕೀಲು ಹೀಗಿದ್ದದ್ದಕ್ಕೆ ಜಾರಿತಾ, ಜಾರಿ ಸವೆದು ಕೀಲು ಹೀಗಾಯಿತಾ? ತಜ್ಞರಲ್ಲೇ ಈ ಚರ್ಚೆ ಇನ್ನೂ ಇದೆಯಂತೆ. ಅದನ್ನೂ ಮುಚ್ಚಿಡದೆ ಹೇಳಿದರು. ಆದರೆ ಆ ಎರಡು ಅಂಗೈ ನೋಡಿದ ಮೇಲೆ ನನ್ನ ಎದೆಯ ಮೇಲಿದ್ದ ಕೊಡ ಇಳಿಯಿತು. ಮನೆಗೆ ಬಂದು ಅತ್ತುಬಿಟ್ಟೆ, ಸಮಾಧಾನಕ್ಕೆ.

ಆಪರೇಷನ್‌ಗೆ ಅವರು ಅವಸರ ಮಾಡಲಿಲ್ಲ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ಕಾಯದೆ ಓಡಿಬನ್ನಿ ಅಂದಿದ್ದರು. ದೇವರ ದಯೆ, ಹಾಗಾಗಲಿಲ್ಲ.

ಇನ್ನು ಫಿಸಿಯೋ ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳು. ಬೆನ್ನಡಿ ಕೈ ಇಟ್ಟು, "ಆಂಟಿ, ನನ್ನ ಕೈ ಒತ್ತಿ, ಉಸಿರು ಹಿಡಿಬೇಡಿ" ಅಂತ ದಿನಾ ಹೊಟ್ಟೆಯ ಸ್ನಾಯುಗಳಿಗೆ ಕೆಲಸ ಕೊಟ್ಟಳು. ಕೂತಲ್ಲೇ ತುಳಿಯುವ ಸೈಕಲ್ 3 ನಿಮಿಷದಿಂದ ಶುರುವಾಗಿ ಈಗ 25ಕ್ಕೆ ಬಂದಿದೆ. ನಾನು ಸಾಕು ಅಂದ ದಿನವೂ ಅವಳು ಬೇಸರ ಮಾಡಿಕೊಳ್ಳಲಿಲ್ಲ. ನಿನ್ನ ಋಣ ದೊಡ್ಡದು ಕಣಮ್ಮ.

ನಮ್ಮ ಯಜಮಾನರು ಒಂದು ವರ್ಷ ಬಚ್ಚಲಿಗೆ ನೀರು ತುಂಬಿದರು, ಹಿಟ್ಟು ನಾದಿದರು. ಪಕ್ಕದ ಮನೆಯವರು ಗೌರಿ ಹಬ್ಬಕ್ಕೆ ನಮ್ಮ ಪಾಲಿನ ಒಬ್ಬಟ್ಟನ್ನೂ ತಟ್ಟಿ ಕಳಿಸಿದರು.

ಮಾರ್ಕೆಟ್‌ನ ಸೊಪ್ಪಿನ ಅಂಗಡಿಯವರು ನನಗೋಸ್ಕರ ಒಂದು ಸ್ಟೂಲ್ ಇಟ್ಟಿದ್ದರು. ಇನ್ನೂ ಅಲ್ಲೇ ಇದೆ. ನಿನ್ನೆ ಅದರ ಮೇಲೆ ಚೀಲ ಇಟ್ಟು, ನಿಂತೇ ಸೊಪ್ಪು ಆರಿಸಿದೆ. ಅವರು ನೋಡಿ ನಕ್ಕರು, ಒಂದು ಕಟ್ಟು ದಂಟು ಜಾಸ್ತಿ ಹಾಕಿದರು.