ಗ್ರಂಥಾಲಯದ ಹೊಸ ಪುಸ್ತಕಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ನಾಲ್ಕರಿಂದ ಏಳನೇ ತರಗತಿಯವರೆಗಿನ ಮಕ್ಕಳಿಗಾಗಿ ಈ ವರ್ಷ ಶಾಲೆಯ ಗ್ರಂಥಾಲಯಕ್ಕೆ ಕೆಲವು ಹೊಸ ಪುಸ್ತಕಗಳನ್ನು ತರಿಸಿದ್ದೇವೆ. ಡಾ. ಬಿ.ಆರ್. ಅಂಬೇಡ್ಕರ್ ಅವರ ಬಾಲ್ಯ, ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಯಲ್ಲಾಪುರ ಮತ್ತು ಹಳಿಯಾಳದ ಕಡೆಯ ಸಿದ್ದಿಗಳು ಇವುಗಳ ವಸ್ತು. ಗ್ರಂಥಾಲಯದ ಅವಧಿಯಲ್ಲಿ ಶಿಕ್ಷಕರು ಇವನ್ನು ಓದಿ ಹೇಳುತ್ತಾರೆ. ಮಕ್ಕಳು ಮನೆಗೂ ಒಯ್ಯಬಹುದು.

ಇಷ್ಟು ಚಿಕ್ಕ ಮಕ್ಕಳಿಗೆ ಜಾತಿಯ ವಿಷಯ ಏಕೆ, ಗೊತ್ತಿಲ್ಲದ್ದನ್ನು ನಾವೇ ಕಲಿಸಿಕೊಟ್ಟಂತೆ ಆಗುವುದಿಲ್ಲವೇ ಎಂದು ತಮ್ಮಲ್ಲಿ ಕೆಲವರು ಪೋಷಕರ ಸಭೆಯಲ್ಲಿ ಕೇಳಿದಿರಿ. ಮಕ್ಕಳ ಮೇಲಿನ ಕಾಳಜಿಯಿಂದ ಬಂದ ಈ ಪ್ರಶ್ನೆಗೆ ವಿವರವಾಗಿ ಉತ್ತರಿಸುವುದು ನನ್ನ ಕರ್ತವ್ಯ.

ಅಂಬೇಡ್ಕರ್ ಅವರು ತಮ್ಮ ಬಾಲ್ಯದ ಅನುಭವಗಳನ್ನು ತಾವೇ ಬರೆದಿಟ್ಟಿದ್ದಾರೆ. ಶಾಲೆಯಲ್ಲಿ ಕೂರಲು ಅವರು ಮನೆಯಿಂದ ಗೋಣಿತಟ್ಟು ತರಬೇಕಿತ್ತು, ಅದನ್ನು ಕಸ ಗುಡಿಸುವವನೂ ಮುಟ್ಟದಿದ್ದುದರಿಂದ ಸಂಜೆ ಮತ್ತೆ ಮನೆಗೆ ಒಯ್ಯಬೇಕಿತ್ತು, ಜವಾನ ಬಂದು ನಲ್ಲಿ ತಿರುಗಿಸದ ಹೊರತು ಅವರಿಗೆ ನೀರಿರಲಿಲ್ಲ. 1901ರಲ್ಲಿ ತಂದೆಯನ್ನು ಕಾಣಲು ಅಣ್ಣನೊಂದಿಗೆ ಸತಾರಾದಿಂದ ಹೊರಟು ಮಸೂರು ನಿಲ್ದಾಣದಲ್ಲಿ ಇಳಿದಾಗ, ಇವರು ಅಸ್ಪೃಶ್ಯರೆನಿಸಿಕೊಂಡಿದ್ದ ಮಹಾರ ಜಾತಿಯವರೆಂದು ತಿಳಿದ ಗಾಡಿಯವರು ಯಾರೂ ಒಯ್ಯಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ತೆತ್ತು ಮಕ್ಕಳೇ ಗಾಡಿ ಹೊಡೆದರು. ಬುತ್ತಿ ಜೊತೆಯಲ್ಲಿದ್ದರೂ ಕುಡಿಯುವ ನೀರು ಎಲ್ಲಿಯೂ ಸಿಗದೆ ಹಸಿದ ಹೊಟ್ಟೆಯಲ್ಲೇ ರಾತ್ರಿ ಕಳೆದರು. ಆಗ ಭೀಮರಾಯನಿಗೆ ಒಂಬತ್ತು, ಹತ್ತರ ವಯಸ್ಸು. ನಮ್ಮ ನಾಲ್ಕನೇ ತರಗತಿಯ ಮಕ್ಕಳ ವಯಸ್ಸೂ ಅಷ್ಟೇ. ಅಷ್ಟು ಚಿಕ್ಕ ಮಗು ಅನುಭವಿಸಬೇಕಾಗಿ ಬಂದದ್ದನ್ನು ಅದೇ ವಯಸ್ಸಿನ ಮತ್ತೊಂದು ಮಗು ಓದಿ ತಿಳಿಯಲಾರದು ಎಂದು ನಾನು ನಂಬುವುದಿಲ್ಲ.

ಯಾರ ಮನೆಯಲ್ಲಿ ನೀರು ಕುಡಿಯಬಾರದು, ಯಾರನ್ನು ಆಟಕ್ಕೆ ಸೇರಿಸಿಕೊಳ್ಳಬಾರದು ಎಂಬುದು ಪುಸ್ತಕ ಓದದ ಮಕ್ಕಳ ಕಿವಿಗೂ ಬಿದ್ದೇ ಇರುತ್ತದೆ. ಅದು ತಪ್ಪೆಂದು ಯಾರಾದರೂ ಹೇಳಿರುತ್ತಾರೆಯೇ ಎಂಬುದೇ ನನ್ನ ಚಿಂತೆ. ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿ ಅಂಕ ಪಡೆಯುವ ವಿದ್ಯಾರ್ಥಿಗೆ, ಆ ವಿಧಿ ಏಕೆ ಬೇಕಾಯಿತೆಂಬುದು ಆ ಗೋಣಿತಟ್ಟಿನ ಕಥೆಯಿಂದ ಅರ್ಥವಾಗುವಷ್ಟು ವ್ಯಾಖ್ಯಾನದಿಂದ ಅರ್ಥವಾಗದು.

ಇನ್ನೊಂದು ಆತಂಕವನ್ನು ಕೆಲವು ತಾಯಂದಿರು ನನ್ನ ಕೊಠಡಿಗೆ ಬಂದು ಮೆಲ್ಲಗೆ ಹೇಳಿದರು: ಈ ಕಥೆ ಓದುವಾಗ ಇಡೀ ತರಗತಿ ತಮ್ಮ ಮಗುವಿನ ಕಡೆಗೆ ತಿರುಗಿ ನೋಡಿದರೆ? ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಯಾವ ಮಗುವನ್ನೂ ಅದರ ಸಮುದಾಯದ ಉದಾಹರಣೆಯಾಗಿ ಎಬ್ಬಿಸಿ ನಿಲ್ಲಿಸಬಾರದು, ಮನೆಯ ವಿಷಯ ಕೇಳಬಾರದು, ತಾನಾಗಿ ಹೇಳಬಯಸುವ ಮಗುವಿನ ಮಾತನ್ನು ಮಾತ್ರ ಗೌರವದಿಂದ ಕೇಳಬೇಕು ಎಂದು ಶಿಕ್ಷಕರೆಲ್ಲರೂ ಕೂತು ತೀರ್ಮಾನಿಸಿದ್ದೇವೆ. ಪುಸ್ತಕಗಳನ್ನು ಆರಿಸುವಾಗಲೂ ಬರೀ ಕಣ್ಣೀರಿನ ಕಥೆಗಳನ್ನು ಬಿಟ್ಟಿದ್ದೇವೆ. ದಲಿತ ಅಥವಾ ಬುಡಕಟ್ಟಿನ ಮಗು ಕಥೆಯಲ್ಲಿ ಯಾವಾಗಲೂ ಮತ್ತೊಬ್ಬರ ಕರುಣೆಗಾಗಿ ಕಾಯುತ್ತಿದ್ದರೆ ಅದನ್ನು ಓದುವ ಅದೇ ಸಮುದಾಯದ ಮಗುವಿಗೆ ಆಗುವ ನೋವು ಸಣ್ಣದಲ್ಲ. ಫುಲೆ ದಂಪತಿಯ ಶಾಲೆಯಲ್ಲಿ ಓದಿದ, ಮಾಂಗ್ ಸಮುದಾಯದ ಮುಕ್ತಾ ಸಾಳ್ವೆ ಎಂಬ ಬಾಲಕಿ ಸುಮಾರು ಹದಿನಾಲ್ಕರ ವಯಸ್ಸಿನಲ್ಲಿ ಮಾಂಗ್ ಮತ್ತು ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಆಕೆಯ ಬಗ್ಗೆ ನಮ್ಮ ಹುಡುಗಿಯರು ಓದಲೇಬೇಕು. ಹಾಗೆಯೇ ಸೋಲಿಗರೆಂದರೆ ಕಾಡಿನ ಮರ, ಜೇನು, ಗೆಡ್ಡೆಗಳನ್ನು ಬಲ್ಲವರು, ಹುಲಿ ಸಂರಕ್ಷಿತ ಪ್ರದೇಶದೊಳಗೆ ತಮ್ಮ ಸಮುದಾಯದ ಅರಣ್ಯ ಹಕ್ಕನ್ನು 2011ರಲ್ಲಿ ಕಾನೂನಿನ ಮೂಲಕ ಪಡೆದವರು ಎಂದು ಮಕ್ಕಳು ತಿಳಿಯಲಿ.

ಮನೆಗೆ ಬಂದ ಪುಸ್ತಕವನ್ನು ದಯವಿಟ್ಟು ಮಗುವಿನೊಂದಿಗೆ ತಾವೂ ಓದಿರಿ. ಉತ್ತರಿಸಲು ಕಷ್ಟವಾಗುವ ಪ್ರಶ್ನೆ ಬಂದರೆ ಮಗುವಿನ ಬಾಯಿ ಮುಚ್ಚಿಸದೆ, ಶಿಕ್ಷಕರನ್ನು ಕೇಳೋಣ ಎಂದು ಹೇಳಿ ಕಳುಹಿಸಿರಿ. ಆಕ್ಷೇಪವಿರುವವರು ಒಂದು ಪುಟದ ಚಿತ್ರವನ್ನಷ್ಟೇ ನೋಡದೆ ಪೂರ್ತಿ ಪುಸ್ತಕ ಓದಿ ಶನಿವಾರ ಶಾಲೆ ಬಿಟ್ಟ ಮೇಲೆ ನನ್ನನ್ನು ಕಾಣಬಹುದು. ಊರಿನ, ಕೇರಿಯ, ಹಾಡಿಯ ಹಿರಿಯರು ತಮ್ಮ ಶಾಲಾ ದಿನಗಳ ಬಗ್ಗೆ ಮಕ್ಕಳೊಡನೆ ಮಾತಾಡಲು ಇಷ್ಟಪಟ್ಟರೆ ಗ್ರಂಥಾಲಯದ ಅವಧಿಯನ್ನು ಅವರಿಗೆ ಬಿಟ್ಟುಕೊಡುತ್ತೇವೆ. ಹೆಸರನ್ನು ತರಗತಿ ಶಿಕ್ಷಕರಿಗೆ ತಿಳಿಸಿರಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ