ಪಿಸಿ ಜೋಡಿಸುವವರು ಇದೊಂದು ಓದಿ

ಓಣಂ ಆಫರಲ್ಲಿ ಗೇಮಿಂಗ್ ಪಿಸಿ ಪಾರ್ಟ್ಸ್ ತೆಗೀಲಿಕ್ಕೆ ಮಂಗಳೂರಿಗೆ ಹೋಗುವವರು ಇದ್ದೀರಲ್ಲ, ಸ್ಟ್ರೀಮಿಂಗೂ ಮಾಡ್ಲಿಕ್ಕುಂಟಾದ್ರೆ ಕಡಿಮೆಗೆ ಸಿಗ್ತದೆ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಮಾತ್ರ ತಕ್ಕೊಳ್ಬೇಡಿ ಮಾರಾಯ್ರೆ, ಅದ್ರಲ್ಲಿ ಗೇಮಿನ ದೃಶ್ಯವನ್ನು ನೆಟ್ಟಲ್ಲಿ ಕಳಿಸ್ಲಿಕ್ಕೆ ಕುಗ್ಗಿಸುವ ವೀಡಿಯೊ ಎನ್‌ಕೋಡರೇ ಇಲ್ಲ, ಸ್ಟ್ರೀಮಿನ ಭಾರ ಪೂರಾ ಪ್ರೊಸೆಸರಿನ ತಲೆಗೆ ಬೀಳ್ತದೆ, ಗೇಮ್ ತಡವರಿಸ್ತದೆ. ಆರ್‌ಟಿಎಕ್ಸ್ 3050 ಆದ್ರೆ ಎನ್‌ವೆಂಕ್ (ಎನ್‌ವಿಡಿಯಾದ ವೀಡಿಯೊ ಎನ್‌ಕೋಡರ್) ಉಂಟು, ಆ ಕೆಲಸ ಕಾರ್ಡೇ ನೋಡಿಕೊಳ್ತದೆ. ಪ್ರೊಸೆಸರ್ ರೈಜನ್ 5 5600 ಸಾಕು (ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಸ್ಕ್ರೀನೇ ಬರುದಿಲ್ಲ). ರ‍್ಯಾಮ್ 8 ಜಿಬಿದ್ದು ಎರಡು, 16ರ ಒಂದೇ ಸ್ಟಿಕ್ ಬೇಡ.

ಎಸ್‌ಎಂಪಿಎಸ್‌ನಲ್ಲಿ (ಪಾರ್ಟ್ಸಿಗೆಲ್ಲ ಕರೆಂಟ್ ಕೊಡುವ ಪೆಟ್ಟಿಗೆ) ದುಡ್ಡು ಉಳಿಸ್ಲೇಬೇಡಿ. ಮತ್ತೆ ನಮ್ಮ ಕಾಸರಗೋಡಿನ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಗೊತ್ತುಂಟಲ್ಲ, ನನ್ನ ಮದರ್‌ಬೋರ್ಡ್ ಹೋದದ್ದು ಹಾಗೇ, ಗುಡುಗು ಶುರುವಾದ ಕೂಡ್ಲೆ ಪ್ಲಗ್ಗೂ ನೆಟ್ ಕೇಬಲೂ ಎರಡೂ ತೆಗ್ದಿಡಿ. ಲಿಸ್ಟ್ ಇಲ್ಲಿ ಹಾಕಿ, ದುಡ್ಡು ಕೊಡುವ ಮೊದ್ಲು ನೋಡಿ ಹೇಳ್ತೇನೆ.