ಚಂದ್ರನಿಗೆ ಹೋಗಿ ಬಂದ ನಮ್ಮ ಮಕ್ಕಳ ಪರವಾಗಿ

ಕಳೆದ ಭಾನುವಾರ ಸಂಜೆ ನಮ್ಮೂರಿನ ಗ್ರಂಥಾಲಯದ ಮಕ್ಕಳು ಚಂದ್ರನ ಮೇಲೆ ಇಳಿದರು. ಇಳಿದದ್ದು ಮಾಸ್ಕೋ ತಂಡ. ಹ್ಯೂಸ್ಟನ್ ತಂಡದ ಹುಡುಗರು ಎದ್ದು ಬಂದು ಕೈ ಕುಲುಕಿದರು. ಆಮೇಲೆ ಎರಡೂ ತಂಡ ಸೇರಿ ಹಾಕಿದ ಕೇಕೆಗೆ ಪಕ್ಕದ ಕಿರಾಣಿ ಅಂಗಡಿಯವರು ಏನಾಯಿತೋ ಎಂದು ಓಡಿ ಬಂದರು. ಬೇಸಿಗೆ ರಜೆಯಲ್ಲಿ ಶುರುವಾದ ಆಟ ದೀಪಾವಳಿ ದಾಟಿದ ಮೇಲೆ ಮುಗಿಯಿತು. ಇದಕ್ಕೆ ಹೆಗಲು ಕೊಟ್ಟವರು ಬಹಳ ಜನ. ಕೆಲವರಿಗೆ ತಾವು ಹೆಗಲು ಕೊಟ್ಟದ್ದೇ ಗೊತ್ತಿಲ್ಲ. ಅವರಿಗೆಲ್ಲ ಬಹಿರಂಗವಾಗಿ ಕೃತಜ್ಞತೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಆಟದ ಹೆಸರು 'ರೇಸ್ ಇಂಟು ಸ್ಪೇಸ್'. ಕಂಪ್ಯೂಟರ್ ಆಟ ಎಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದುಕೊಂಡವರಿಗೆ ಇದು ಬೇರೆಯೇ ಲೋಕ. ಇಲ್ಲಿ ನೀವು ಗಗನಯಾತ್ರಿ ಅಲ್ಲ, ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರು. ಇಸವಿ 1957. ಒಂದು ಕಡೆ ಅಮೆರಿಕ, ಅದು ನಮ್ಮ ಹ್ಯೂಸ್ಟನ್ ತಂಡ. ಇನ್ನೊಂದು ಕಡೆ ಸೋವಿಯತ್ ಒಕ್ಕೂಟ, ಅದು ಮಾಸ್ಕೋ ತಂಡ. ಕೈಯಲ್ಲಿ ಒಂದಿಷ್ಟು ಅನುದಾನ. ಅದರಲ್ಲಿ ಯಾವ ರಾಕೆಟ್ಟಿಗೆ ಎಷ್ಟು ಸುರಿಯಬೇಕು, ಉಪಗ್ರಹ ಮೊದಲೋ ಮನುಷ್ಯ ಕೂರುವ ನೌಕೆ ಮೊದಲೋ, ಯಾರನ್ನು ಯಾವ ತರಬೇತಿಗೆ ಕಳಿಸಬೇಕು, ಎಲ್ಲ ನಿಮ್ಮ ತೀರ್ಮಾನ. ವರ್ಷಕ್ಕೆ ಎರಡೇ ಸುತ್ತು, ವಸಂತ ಮತ್ತು ಶರತ್ಕಾಲ. ಸಾಧನೆ ಮಾಡಿದರೆ ಪ್ರತಿಷ್ಠೆ ಏರುತ್ತದೆ, ಪ್ರತಿಷ್ಠೆ ಏರಿದರೆ ಮುಂದಿನ ಅನುದಾನ ಏರುತ್ತದೆ. ಬಿದ್ದರೆ ಎರಡೂ ಬೀಳುತ್ತವೆ. 1977ರೊಳಗೆ ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿ ಸುರಕ್ಷಿತವಾಗಿ ವಾಪಸು ಕರೆತರಬೇಕು.

ನಮ್ಮ ಮೊದಲ ನಮಸ್ಕಾರ ಫ್ರಿಟ್ಜ್ ಬ್ರಾನರ್ ಅವರಿಗೆ. 1989ರಲ್ಲಿ ಅವರು ಇದನ್ನು ಕಾಗದದ ಹಲಗೆ ಮತ್ತು ದಾಳಗಳ ಆಟವಾಗಿ ರೂಪಿಸಿದರು. 1993ರಲ್ಲಿ ಅದು ಬಜ್ ಆಲ್ಡ್ರಿನ್ ಅವರ ಹೆಸರು ಹೊತ್ತು ಕಂಪ್ಯೂಟರಿಗೆ ಬಂತು. ಆಲ್ಡ್ರಿನ್ ಚಂದ್ರನ ಮೇಲೆ ನಡೆದ ಎರಡನೆಯ ಮನುಷ್ಯ ಎಂಬುದು ಎಲ್ಲರಿಗೂ ಗೊತ್ತು. ಕಕ್ಷೆಯಲ್ಲಿ ಎರಡು ನೌಕೆಗಳು ಹೇಗೆ ಸಂಧಿಸಬೇಕು ಎಂಬ ವಿಷಯದಲ್ಲಿ ಅವರು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಿಂದ ಡಾಕ್ಟರೇಟ್ ಪಡೆದವರು ಎಂಬುದು ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು ಇಷ್ಟವಾಯಿತು. ಆಟದಲ್ಲಿ ಮಕ್ಕಳನ್ನು ಅತಿ ಹೆಚ್ಚು ಕಾಡಿದ್ದೇ ಆ ಸಂಧಿಸುವ ಹಂತ.

ಆದರೆ ನಾನು ಬ್ರಾನರ್ ಅವರಿಗೆ ಋಣಿಯಾಗಿರುವುದು ಆಟ ಮಾಡಿದ್ದಕ್ಕಿಂತ ಅದನ್ನು ಬಿಟ್ಟುಕೊಟ್ಟದ್ದಕ್ಕೆ. ಮಾರುಕಟ್ಟೆಯಲ್ಲಿ ಆಟದ ಕಾಲ ಮುಗಿದ ಮೇಲೆ ಅವರೂ ಪ್ರೋಗ್ರಾಮರ್ ಮೈಕೆಲ್ ಮೆಕಾರ್ಟಿಯವರೂ ಅದರ ಮೂಲ ಸಂಕೇತವನ್ನು, ಅಂದರೆ ಆಟವನ್ನು ನಡೆಸುವ ಪ್ರೋಗ್ರಾಮಿನ ಸಾಲುಗಳನ್ನು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿಟ್ಟರು. ಅಲ್ಲಿಂದ ಮುಂದೆ ಒಂದು ಪೈಸೆ ಸಂಬಳವಿಲ್ಲದ ಸ್ವಯಂಸೇವಕರು ಅದನ್ನು ಇವತ್ತಿನ ವಿಂಡೋಸ್, ಲಿನಕ್ಸ್, ಮ್ಯಾಕ್ ಯಂತ್ರಗಳಿಗೆ ಒಗ್ಗಿಸಿ, ದೋಷ ತಿದ್ದಿ, ಉಸಿರಾಡುವಂತೆ ಇಟ್ಟಿದ್ದಾರೆ. ಯಾವುದೋ ದೇಶದಲ್ಲಿ, ಯಾವುದೋ ರಾತ್ರಿ, ತಮ್ಮ ಕೆಲಸ ಮುಗಿಸಿ ಕೂತು ಒಂದು ಸಾಲು ಸರಿಪಡಿಸಿದವರೇ, ನಿಮ್ಮ ಆ ಸಾಲು ಮಲೆನಾಡಿನ ಒಂದು ಪಂಚಾಯಿತಿ ಗ್ರಂಥಾಲಯಕ್ಕೆ ಬಂದು ಮುಟ್ಟಿದೆ. ಹೊಸ ಆಟಗಳು ಕೇಳುವ ಯಂತ್ರ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಈ ಆಟ ಅದನ್ನು ಕೇಳಲೇ ಇಲ್ಲ. ಯಾರೋ ಕಚೇರಿಯಿಂದ ತೆಗೆದುಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತು. ಒಂದೇ ಯಂತ್ರದ ಮುಂದೆ ಎರಡು ತಂಡ ಸರದಿಯಂತೆ ಕೂತು ಆಡುವ ವ್ಯವಸ್ಥೆಯೂ ಅದರಲ್ಲೇ ಇದೆ.

ಆ ಲ್ಯಾಪ್‌ಟಾಪ್ ಕೊಟ್ಟವರು ಹೆಸರು ಹಾಕಬೇಡಿ ಎಂದಿದ್ದಾರೆ. ಬೆಂಗಳೂರಿನಲ್ಲಿದ್ದರೂ ಊರಿನ ಜಾತ್ರೆ ತಪ್ಪಿಸದ ನಮ್ಮವರೇ. ಅವರಿಗೆ ಕೈ ಮುಗಿಯುತ್ತೇನೆ.

ನಮ್ಮ ಗ್ರಂಥಾಲಯದ ಮೇಲ್ವಿಚಾರಕಿ ಭಾನುವಾರ ತಮ್ಮ ರಜೆ ಬಿಟ್ಟು ಬೀಗ ತೆಗೆದುಕೊಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ಕಪಾಟಿನ ಒಂದು ಖಾನೆಯನ್ನು ಪೂರ್ತಿ ಖಾಲಿ ಮಾಡಿ, ಖಗೋಳ ಮತ್ತು ವಿಜ್ಞಾನದ ಕನ್ನಡ ಪುಸ್ತಕ ಎಲ್ಲೆಲ್ಲಿದ್ದವೋ ಹುಡುಕಿ ತಂದು ಒಂದೇ ಕಡೆ ಜೋಡಿಸಿದರು. ಆಟದ ತೆರೆ ಪೂರ್ತಿ ಇಂಗ್ಲಿಷಿನಲ್ಲಿದೆ. ಬಿ.ಎಡ್ ಓದುತ್ತಿರುವ ಪಕ್ಕದ ಮನೆಯ ಹುಡುಗಿ ಪ್ರತಿಯೊಂದು ಗುಂಡಿ ಏನು ಮಾಡುತ್ತದೆಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಆರನೇ ತರಗತಿಯ ಮಕ್ಕಳೂ ಎರಡನೇ ವಾರದಿಂದ ಯಾರನ್ನೂ ಕೇಳದೆ ಆಡಿದ್ದು ಆ ಚಾರ್ಟಿನ ಬಲದಿಂದ. ಆಷಾಢದ ಗಾಳಿಮಳೆಗೆ ಗ್ರಂಥಾಲಯದ ಹೆಂಚು ಹಾರಿಹೋದಾಗ ಹಾಲಿನ ಸೊಸೈಟಿಯವರು ತಮ್ಮ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಕ್ಯಾನುಗಳ ಮಧ್ಯೆ ನಮ್ಮ ಇಡೀ ಮಳೆಗಾಲ ಕಳೆಯಿತು.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಈ ಬರಹದಲ್ಲಿ ನಾನು ಮುಖ್ಯವಾಗಿ ಋಣ ಸಲ್ಲಿಸಬೇಕಾದದ್ದು ಅವರಿಗೆ.

ಹೆಣ್ಣುಮಕ್ಕಳು ಮಾಸ್ಕೋ ತಂಡ ಬೇಕೆಂದರು. ಕಾರಣ ವಲೆಂಟೀನಾ ತೆರೆಶ್ಕೋವಾ. ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ, ಪ್ಯಾರಾಚೂಟಿನಲ್ಲಿ ಜಿಗಿಯುವ ಹವ್ಯಾಸವಿದ್ದ ಹೆಣ್ಣುಮಗಳೊಬ್ಬಳು 1963ರಲ್ಲೇ ಬಾಹ್ಯಾಕಾಶಕ್ಕೆ ಹೋಗಿದ್ದಳು, ಅಮೆರಿಕ ತನ್ನ ಮೊದಲ ಮಹಿಳೆಯನ್ನು ಕಳಿಸಿದ್ದು 1983ರಲ್ಲಿ ಎಂದು ಓದಿದ ಮೇಲೆ ಆ ಕಡೆ ಬಿಟ್ಟು ಈ ಕಡೆ ಬರಲು ಯಾರೂ ಒಪ್ಪಲಿಲ್ಲ.

ಆಟದ ಹೃದಯ ಇರುವುದು ಶೇಕಡಾವಾರು ಅಂಕಿಯಲ್ಲಿ. ಪ್ರತಿ ರಾಕೆಟ್ಟಿಗೆ, ನೌಕೆಗೆ, ಬಾಹ್ಯಾಕಾಶ ಉಡುಪಿಗೆ ಒಂದೊಂದು ಸುರಕ್ಷತೆಯ ಅಂಕಿ ಇರುತ್ತದೆ. ಹಣ ಹಾಕಿ ಸಂಶೋಧನೆ ಮಾಡಿಸಿದರೆ ಅದು ಏರುತ್ತದೆ. ಆದರೆ ಪ್ರಯೋಗಾಲಯದಲ್ಲಿ ಏರುವುದು ಒಂದು ಮಿತಿಯವರೆಗೆ ಮಾತ್ರ. ಅದರಾಚೆಯದನ್ನು ಹಾರಿಸಿಯೇ ಕಲಿಯಬೇಕು. ಹಂತಗಳನ್ನು ಹಾರಿ ನೇರವಾಗಿ ದೊಡ್ಡದಕ್ಕೆ ಕೈ ಹಾಕಿದರೆ ದಂಡವೂ ಉಂಟು. ಎಂಟನೇ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದಳು: ಒಂದು ಯಾನದಲ್ಲಿ ಹತ್ತು ಹಂತ, ಪ್ರತಿ ಹಂತಕ್ಕೂ 95% ಭರವಸೆ. ಹತ್ತು ಸಲ ಗುಣಿಸಿದರೆ ಉಳಿಯುವುದು ಸುಮಾರು 60%. ಕೋಣೆ ಸ್ತಬ್ಧವಾಯಿತು. 95 ಎಂದರೆ ಡಿಸ್ಟಿಂಕ್ಷನ್ ಎಂದು ಬೆಳೆದ ಮಕ್ಕಳು ಅವರು. ಸಂಭವನೀಯತೆಯ ಪಾಠವನ್ನು ಹೀಗೆ ಎದೆಗೆ ತಟ್ಟುವಂತೆ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದಾದ ಕೆಲವು ವಾರಕ್ಕೆ ಹ್ಯೂಸ್ಟನ್ ತಂಡ ಮೂವರು ಕೂರುವ ನೌಕೆಯನ್ನು ಆತುರದಲ್ಲಿ ಹಾರಿಸಿತು. ಮಾಸ್ಕೋದವರು ಆಗಲೇ ಬಾಹ್ಯಾಕಾಶ ನಡಿಗೆ ಮುಗಿಸಿದ್ದರು, ಪ್ರತಿಷ್ಠೆ ಕುಸಿದಿತ್ತು, ಅನುದಾನ ಕಡಿತದ ಸುದ್ದಿ ಬಂದಿತ್ತು. ಸುರಕ್ಷತೆ ಇನ್ನೂ ಎಪ್ಪತ್ತರ ಆಸುಪಾಸು. ಮನುಷ್ಯರಿಲ್ಲದೆ ಒಮ್ಮೆ ಪರೀಕ್ಷಿಸೋಣ ಎಂದವರ ಮಾತು ನಡೆಯಲಿಲ್ಲ. ಆಟದ ಮೂವರು ಗಗನಯಾತ್ರಿಗಳೂ ಜೀವ ಕಳೆದುಕೊಂಡರು. ತಂಡದ ನಾಯಕ ಒಂಬತ್ತನೇ ತರಗತಿಯ ಹುಡುಗ. ತೆರೆಯ ಮೇಲಿನ ಮೂರು ಹೆಸರು ನೋಡುತ್ತ ಬಹಳ ಹೊತ್ತು ಕೂತಿದ್ದ. ಆಮೇಲೆ ಆ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅವತ್ತು ಆಟ ಮುಂದುವರಿಸಲಿಲ್ಲ.

ನಾವು ಇತಿಹಾಸ ಓದಿದೆವು. 1967ರ ಜನವರಿ 27ರಂದು ಅಮೆರಿಕದ ಅಪೊಲೊ 1ರ ನೌಕೆ ನೆಲದ ಮೇಲೇ, ಬರೀ ಅಭ್ಯಾಸದ ವೇಳೆಯಲ್ಲಿ ಹೊತ್ತಿಕೊಂಡದ್ದು. ಒಳಗೆ ಶುದ್ಧ ಆಮ್ಲಜನಕ, ಒಳಮುಖವಾಗಿ ತೆರೆಯುವ ಬಾಗಿಲು. ಗ್ರಿಸಮ್, ವೈಟ್, ಚಾಫಿ ಹೊರಗೆ ಬರಲಾಗಲಿಲ್ಲ. ಮೂರು ತಿಂಗಳೊಳಗೆ, ಏಪ್ರಿಲ್ 24ರಂದು ಸೋವಿಯತ್ತಿನ ಸೋಯುಜ್ 1 ನೌಕೆಯ ಪ್ಯಾರಾಚೂಟ್ ಬಿಚ್ಚದೆ ವ್ಲಾದಿಮಿರ್ ಕೊಮರೊವ್ ತೀರಿಕೊಂಡರು. ಅದಕ್ಕೂ ಮುಂಚೆ ಮನುಷ್ಯರಿಲ್ಲದೆ ಹಾರಿಸಿದ ಸೋಯುಜ್ ಪರೀಕ್ಷೆಗಳಲ್ಲಿ ಒಂದೂ ನೆಟ್ಟಗೆ ಮುಗಿದಿರಲಿಲ್ಲ. ಎರಡೂ ದೇಶಗಳಿಗೆ ಅವಸರವಿತ್ತು. ಆ ಹುಡುಗ ಓದಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: "ಇವರಿಗೂ ಅಂಕಿ ಕಾಣ್ತಿತ್ತಲ್ಲ ಸರ್?"

ಕಾಣುತ್ತಿತ್ತು ಮಗನೇ. ಆ ಪ್ರಶ್ನೆ ಕೇಳಿದ್ದಕ್ಕೆ ನಿನಗೆ ನನ್ನ ಕೃತಜ್ಞತೆ.

ಮುಂದಿನ ವಾರದಿಂದ "ಇನ್ನೊಂದು ಸುತ್ತು ಕಾಯೋಣ" ಎನ್ನುವುದು ಎರಡೂ ತಂಡಗಳ ಬಾಯಲ್ಲಿ ನೆಲೆಸಿತು. ಆದರೆ ಕಾಯುವುದೊಂದೇ ದಾರಿ ಎಂದು ಮಕ್ಕಳು ತೀರ್ಮಾನಿಸಲಿಲ್ಲ, ಅದೇ ನನಗೆ ದೊಡ್ಡ ಸಂತೋಷ. ಏಕೆಂದರೆ ಅವರೇ ಅಪೊಲೊ 8ರ ಕಥೆ ಹುಡುಕಿ ತಂದರು. 1968ರ ಏಪ್ರಿಲ್‌ನಲ್ಲಿ ಅಮೆರಿಕದ ಚಂದ್ರಯಾನದ ಸ್ಯಾಟರ್ನ್ 5 ರಾಕೆಟ್ಟಿನ ಎರಡನೇ ಹಾರಾಟ ತೀವ್ರ ಕಂಪನದಿಂದ ನರಳಿತ್ತು, ಎರಡನೇ ಹಂತದ ಎರಡು ಎಂಜಿನ್ ನಡುವೆಯೇ ನಿಂತಿದ್ದವು. ಸೆಪ್ಟೆಂಬರ್‌ನಲ್ಲಿ ಸೋವಿಯತ್ತಿನ ಝೋಂಡ್ 5 ನೌಕೆ ಆಮೆಗಳನ್ನು ಹೊತ್ತು ಚಂದ್ರನನ್ನು ಸುತ್ತು ಹಾಕಿ ಬಂತು. ಡಿಸೆಂಬರ್‌ನಲ್ಲಿ, ಅದೇ ಸ್ಯಾಟರ್ನ್ 5ರ ಮೂರನೇ ಹಾರಾಟದಲ್ಲೇ ಮೂವರನ್ನು ಕೂರಿಸಿ ನೇರ ಚಂದ್ರನ ಕಕ್ಷೆಗೆ ಕಳಿಸಿದರು. ಇದು ಧೈರ್ಯವೋ ಹುಚ್ಚೋ? ಒಂದು ಇಡೀ ಭಾನುವಾರ ಜಗಳ ನಡೆಯಿತು. ಕೊನೆಗೆ ಅವರು ಕಂಡುಕೊಂಡ ವ್ಯತ್ಯಾಸ ನನಗೆ ಸರಿ ಅನ್ನಿಸಿತು: ಅಪೊಲೊ 8ರವರು ಏಪ್ರಿಲ್‌ನ ತಪ್ಪು ಏಕಾಯಿತೆಂದು ಪತ್ತೆ ಹಚ್ಚಿ ಸರಿಪಡಿಸಿ ಹೋದರು. ಸೋವಿಯತ್ತಿನ ದೈತ್ಯ ಎನ್1 ರಾಕೆಟ್ಟಿಗೆ ಆ ಭಾಗ್ಯವಿರಲಿಲ್ಲ. ಮೊದಲ ಹಂತದಲ್ಲೇ 30 ಎಂಜಿನ್. ಎಲ್ಲವನ್ನೂ ಒಟ್ಟಿಗೆ ನೆಲದ ಮೇಲೆ ಉರಿಸಿ ನೋಡುವ ಕಟ್ಟೆ ಕಟ್ಟಿಸಲೇ ಇಲ್ಲ. ನಾಲ್ಕು ಸಲ ಹಾರಿಸಿದರು, ನಾಲ್ಕೂ ಸಲ ಸೋತಿತು. ಅದನ್ನು ಕನಸಿದ ಸೆರ್ಗೈ ಕೊರೊಲ್ಯೊವ್ ಮೊದಲ ಹಾರಾಟಕ್ಕೆ ಮೂರು ವರ್ಷ ಮುಂಚೆಯೇ, 1966ರಲ್ಲಿ ತೀರಿಕೊಂಡಿದ್ದರು. ಬದುಕಿದ್ದಷ್ಟು ದಿನ ಜಗತ್ತಿಗೆ ಅವರ ಹೆಸರೇ ತಿಳಿದಿರಲಿಲ್ಲ, ಬರೀ 'ಮುಖ್ಯ ವಿನ್ಯಾಸಕ'. ಮಾಸ್ಕೋ ತಂಡದ ಹುಡುಗಿಯರು ಅವರ ಚಿತ್ರ ಬರೆದು ಗೋಡೆಗೆ ಹಚ್ಚಿ, ದೊಡ್ಡ ರಾಕೆಟ್ಟಿನ ಸಂಶೋಧನೆಗೆ ಎರಡು ವರ್ಷದ ಅನುದಾನ ಸುರಿದರು. ಮನುಷ್ಯರಿಲ್ಲದೆ ಎರಡು ಸಲ ಹಾರಿಸಿ ನೋಡಿದರು. ಅವರು ಚಂದ್ರನ ಮೇಲೆ ಇಳಿದದ್ದು ಆಟದ 1972ರಲ್ಲಿ, ನಿಜವಾದ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇಳಿದು ಮೂರು ವರ್ಷ ಆದ ಮೇಲೆ. ಆದರೆ ಅವರ ಕಡೆಯ ಒಬ್ಬರೇ ಒಬ್ಬರ ಜೀವವೂ ಹೋಗಿರಲಿಲ್ಲ. ಹ್ಯೂಸ್ಟನ್ ನಾಯಕ ಎದ್ದು ಬಂದು ಮೊದಲು ಹೊಗಳಿದ್ದು ಅದನ್ನೇ.

ನಮ್ಮೂರಿಗೆ ಮರಳಿ ಬಂದು ನೆಲೆಸಿರುವ ನಿವೃತ್ತ ಹಿರಿಯರೊಬ್ಬರಿದ್ದಾರೆ, ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ದುಡಿದವರು. ಮೊಣಕಾಲು ನೋವಿದ್ದರೂ ಹಾಲಿನ ಸೊಸೈಟಿಯವರೆಗೆ ನಡೆದು ಬಂದು ಮಕ್ಕಳೊಂದಿಗೆ ಕೂತರು. ಈ ಎರಡು ದೇಶಗಳ ಓಟದ ಮಧ್ಯೆ ನಾವು ಎಲ್ಲಿದ್ದೆವು ಎಂದು ಹೇಳಿದ್ದು ಅವರೇ. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಊರಿನಿಂದ ಏರಿದ ಮೊದಲ ಪರೀಕ್ಷಾ ರಾಕೆಟ್ ಅಮೆರಿಕದ್ದು. 1975ರ ಏಪ್ರಿಲ್ 19ರಂದು ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಕಕ್ಷೆಗೆ ಮುಟ್ಟಿಸಿದ ರಾಕೆಟ್ ಸೋವಿಯತ್ತಿನದು. ಇಬ್ಬರ ಜಗಳದಲ್ಲಿ ಸಿಕ್ಕಿಕೊಳ್ಳದೆ ಇಬ್ಬರಿಂದಲೂ ಕಲಿತೆವು ಎಂದರು. ಆರ್ಯಭಟ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದರ ಹೊಣೆ ಹೊತ್ತವರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್. ಈ ಮಾತು ಕೇಳುವಾಗ ಕ್ಯಾನುಗಳ ಮಧ್ಯೆ ಕೂತಿದ್ದ ಮಕ್ಕಳ ಮುಖ ನೋಡಬೇಕಿತ್ತು. ಆಟದಲ್ಲಿ ಭಾರತ ಯಾಕಿಲ್ಲ ಎಂದು ಒಬ್ಬ ಕೇಳಿದ್ದಕ್ಕೆ ಹಿರಿಯರು, ಮೂಲ ಸಂಕೇತ ತೆರೆದೇ ಇದೆಯಲ್ಲ, ನೀನೇ ಸೇರಿಸು ಎಂದರು. ಆ ಹುಡುಗ ಈಗ ಪ್ರೋಗ್ರಾಮಿಂಗ್ ಕಲಿಯಲು ಶುರುಮಾಡಿದ್ದಾನೆ. ಹಿರಿಯರೇ ಬುಧವಾರ ಬುಧವಾರ ಹೇಳಿಕೊಡುತ್ತಿದ್ದಾರೆ. ಗುರುಗಳೇ, ನಿಮಗೆ ಸಾಷ್ಟಾಂಗ.

ಭಾನುವಾರ ಮನೆಗೆಲಸ ಬಿಟ್ಟು ಹೋಗಲು, ಅದರಲ್ಲೂ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಹೋಗಲು ಮಕ್ಕಳನ್ನು ಬಿಟ್ಟ ತಂದೆತಾಯಂದಿರಿಗೆ, ಕೊನೆಯ ದಿನ ಡಬ್ಬಿ ತುಂಬ ಚಕ್ಕುಲಿ, ಕೋಡುಬಳೆ ಕಳಿಸಿದ ಅಮ್ಮಂದಿರಿಗೆ ವಂದನೆ. ಕರೆಂಟ್ ಹೋದಾಗಲೆಲ್ಲ ಫೋನಿಗೆ ಸಿಕ್ಕಿ, ಮಳೆಯಲ್ಲೂ ಕಂಬ ಹತ್ತಿದ ನಮ್ಮ ಲೈನ್‌ಮ್ಯಾನ್ ಅಣ್ಣನಿಗೆ ವಿಶೇಷ ವಂದನೆ.

ಮುಂದಿನ ಆಟ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೊದಲ ಭಾನುವಾರ ಶುರು. ಹೆಂಚು ಹೊಸದಾಗಿ ಹೊದೆಸಿ ಆಗಿದೆ, ಹಾಗಾಗಿ ಗ್ರಂಥಾಲಯದಲ್ಲೇ. ಪಕ್ಕದ ಊರಿನ ಮಕ್ಕಳೂ ಬರಬಹುದು. ಈ ಸಲ ಮಾಸ್ಕೋ ಬೇಕೆಂದು ಹುಡುಗರು ಈಗಾಗಲೇ ಅರ್ಜಿ ಹಾಕಿದ್ದಾರೆ. ಹುಡುಗಿಯರು ಚೀಟಿ ಎತ್ತೋಣ ಎಂದಿದ್ದಾರೆ.